ಪೆಟ್ಟಿಗೆಯ ಬೆಲೆ ಮಾತ್ರ

ನನ್ನ ತಂಗಿಯ ಗಂಡ ಪಾಂಗ್ ದೆಲು ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ. ಇದು ನಮ್ಮ ಎಣ್ಣೆಗಾಣದ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವರಿಗೆ ಅವನೇ ಹೇಳಿ ಗೊತ್ತುಮಾಡಿದ್ದಾನೆ. ಸರ್ಕಾರಿ ಧಾನ್ಯದ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ತೂಕದ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಲ್ಲಿ ಧಾನ್ಯ ತೂಗಿದ್ದಕ್ಕಿಂತ ಮಾತು ತೂಗಿದ್ದೇ ಹೆಚ್ಚು. ಅವನ ಸೂತ್ರ ಸರಳವಾದದ್ದು: ಅಂಗಡಿಯವನು ಎಷ್ಟು ಹೇಳಿದರೂ ಅದರ ಮೂರನೇ ಒಂದು ಪಾಲಿಗೆ ಕೇಳು, ಕೊಡದಿದ್ದರೆ ಹೊರಟುಬಿಡು, ಕರೆದರೆ ಹಿಂತಿರುಗು. ಈ ಸೂತ್ರವನ್ನು ಅವನು ಸೊಪ್ಪಿನ ಮೇಲೆ, ಚಪ್ಪಲಿಯ ಮೇಲೆ, ಕೊನೆಗೆ ತನ್ನ ಹಲ್ಲು ಕೀಳುವ ವೈದ್ಯರ ಮೇಲೂ ಪ್ರಯೋಗಿಸಿದ. ವೈದ್ಯರು ಸೋತು, ಒಂದು ಹಲ್ಲಿನ ಬೆಲೆಗೆ ಎರಡು ಕಿತ್ತುಕೊಟ್ಟರು. ಎರಡನೆಯದು ಗಟ್ಟಿಯಾಗಿಯೇ ಇತ್ತು. ಅದನ್ನು ದೆಲು ಲಾಭದ ಬಾಬತ್ತಿಗೆ ಸೇರಿಸಿಕೊಂಡ.

ಇಂಥ ಮಹಾಪುರುಷನ ಕೈಯಿಂದಲೇ ಕರುಣೆಯ ಬೋಧಿಸತ್ತ್ವ ಗ್ವಾನ್‌ಯಿನ್ ತಾಯಿ ಒಡೆದುಹೋದಳು. ಹೊಸ ವರ್ಷದ ವಸಂತದ ಹಬ್ಬ ಕಳೆದು ಹತ್ತು ದಿನವಾಗಿತ್ತು. ಗುಜರಿಯವನು ಬಾಗಿಲಿಗೆ ಬಂದು ಹಳೆಯ ಬಾಟಲಿ ಕೇಳಿದ. ಹತ್ತು ಬಾಟಲಿಗೆ ಒಂದು ಯುವಾನ್ ಎಂದ. "ಹತ್ತಾ!" ಎಂದು ದೆಲು ಕೈ ಬೀಸಿದ. ಕೈ ಗೋಡೆಯ ಗೂಡಿಗೆ ತಗುಲಿತು. ನನ್ನ ತಾಯಿ ಮಗಳ ಮದುವೆಯಲ್ಲಿ ಕೊಟ್ಟಿದ್ದ, ನಲವತ್ತು ವರ್ಷ ಬೆಳಗ್ಗೆ ಸಂಜೆ ಧೂಪ ಕಂಡಿದ್ದ ಬಿಳಿ ಪಿಂಗಾಣಿಯ ಬೋಧಿಸತ್ತ್ವ ನೆಲಕ್ಕೆ ಬಿದ್ದು ಏಳು ಚೂರಾಯಿತು. ಗುಜರಿಯವನು ಬಗ್ಗಿ ನೋಡಿ, "ಅಣ್ಣಾ, ಇದನ್ನೂ ತೂಕಕ್ಕೆ ಹಾಕ್ಲಾ?" ಎಂದು ಕೇಳಿದ. ಪಾಪ, ಅವನು ತನ್ನ ಕಸುಬು ಮಾಡಿದ.

ನನ್ನ ತಂಗಿ ಸುಯೂನ್ ಕೂಗಾಡಲಿಲ್ಲ. ಕೂಗಾಡಿದ್ದರೆ ದೆಲು ಬದುಕಿಕೊಳ್ಳುತ್ತಿದ್ದ. ಅವಳು ಮಾತು ನಿಲ್ಲಿಸಿದಳು, ಅಡುಗೆ ನಿಲ್ಲಿಸಿದಳು, ಛೊಂಗ್‌ಛಿಂಗಿನಲ್ಲಿರುವ ಮಗಳ ಮನೆಗೆ ಹೋಗಲು ಒಂದು ಚೀಲ ಕಟ್ಟಿ ಬಾಗಿಲ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಳು. ಮೂರನೆಯ ದಿನ ನನ್ನನ್ನು ಕರೆಸಿ, ಗಂಡನನ್ನು ಎದುರು ಕೂರಿಸಿಕೊಂಡು ತೀರ್ಪು ಕೊಟ್ಟಳು.

"ಕೇಳಿಸ್ಕೊಳ್ರೀ. ತಾಯಿ ಹುಟ್ಟಿದ ದಿನ ಚಾಂದ್ರಮಾನದ ಎರಡನೇ ತಿಂಗಳು ಹತ್ತೊಂಬತ್ತನೇ ತಾರೀಕು. ಅಷ್ಟರೊಳಗೆ ಈ ಗೂಡಲ್ಲಿ ತಾಯಿ ಇರ್ಬೇಕು. ಅವಳನ್ನ ಕೊಳ್ಳೋದಲ್ಲ, ಮನೆಗೆ ಕರೆದು ತರೋದು. ಕರೆಯೋವಾಗ ಯಾರಾದ್ರೂ ಚೌಕಾಸಿ ಮಾಡ್ತಾರಾ? ಒಂದು ಯುವಾನ್ ಇಳಿಸಿದ್ರೂ ತಾಯಿ ಬರಲ್ಲ, ಬರೀ ಮಣ್ಣು ಬರುತ್ತೆ. ತಾಯಿ ಮೇಲೆ ಚೌಕಾಸಿ ಮಾಡಿದ ಬಾಯಿ ಈ ಹೊಸಿಲು ದಾಟಬಾರದು. ದಾಟಿತೋ, ಈ ಚೀಲ ಹೊರಗೆ ಹೋಗುತ್ತೆ, ಅದರ ಹಿಂದೆ ನಾನು. ಅಣ್ಣಾ, ನೀನು ಸಾಕ್ಷಿ."

ನಾನು ಸಾಕ್ಷಿಯಾದೆ. ದೆಲು ಒಂದೇ ಒಂದು ಪ್ರಶ್ನೆ ಕೇಳಿದ. "ಹೇಳಿದ ಬೆಲೆಗೇನಾ?"

"ಹೇಳಿದ ಬೆಲೆಗೆ."

ಆ ಕ್ಷಣದಲ್ಲಿ ಅವನ ಮುಖ ನೋಡಿದ್ದರೆ, ಬೋಧಿಸತ್ತ್ವ ಒಡೆದದ್ದು ಅವನಿಗೆ ಅಲ್ಲಿಯವರೆಗೆ ಅರ್ಥವಾಗಿರಲೇ ಇಲ್ಲವೆಂದು ಯಾರಾದರೂ ಹೇಳುತ್ತಿದ್ದರು.

ನಮ್ಮ ಪಟ್ಟಣದಲ್ಲಿ ಸಿಗುವ ಬೋಧಿಸತ್ತ್ವಗಳೆಲ್ಲ ಪ್ಲಾಸ್ಟಿಕ್ಕಿನವು. ಗುಂಡಿ ಒತ್ತಿದರೆ ತಲೆಯ ಹಿಂದೆ ಬಣ್ಣದ ದೀಪ ಹತ್ತಿ, ಹೊಟ್ಟೆಯೊಳಗಿನಿಂದ ಮಂತ್ರ ಕೇಳಿಸುತ್ತದೆ. ಸುಯೂನಳಿಗೆ ಅದು ಬೇಡ. ಹಾಗಾಗಿ ಹಿರಿಯ ನಾಗರಿಕರ ಮೂರು ದಿನದ ಛೆಂಗ್ದು ಪ್ರವಾಸಕ್ಕೆ ನಮ್ಮಿಬ್ಬರ ಹೆಸರು ಬರೆಸಿದಳು. ಹದಿನಾರಕ್ಕೆ ಹೊರಟು ಹದಿನೆಂಟರ ಸಂಜೆ ಮರಳುವುದು. ನನ್ನನ್ನು ಕಳಿಸಿದ್ದು ಗಂಡನ ಬಾಯಿಯ ಕಾವಲಿಗೆ.

ರೈಲಿನಲ್ಲಿ ದೆಲು ನನ್ನ ಮೊಣಕೈ ಹಿಡಿದುಕೊಂಡ. "ಭಾವಾ, ಅವಳು ಹೇಳಿದ್ದು ನನ್ನ ಬಾಯಿಗೇ ಹೊರತು ನಿಮ್ಮ ಬಾಯಿಗಲ್ಲ. ನೀವು ಚೌಕಾಸಿ ಮಾಡಿ. ನಾನು ಪಕ್ಕದಲ್ಲಿ ನಿಂತು ಕೆಮ್ಮುತ್ತೀನಿ. ಒಂದು ಕೆಮ್ಮು ಅಂದ್ರೆ ಇನ್ನೂ ಇಳಿಸಿ, ಎರಡು ಅಂದ್ರೆ ಹೊರಡಿ."

ನನಗೆ ಆ ವಿದ್ಯೆ ಬಾರದು. ನಮ್ಮ ಮನೆಯಲ್ಲಿ ಅದು ನನ್ನ ಹೆಂಡತಿಯ ಕೆಲಸವಾಗಿತ್ತು. ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಅಂದಿನಿಂದ ನಾನು ಹೇಳಿದ ಬೆಲೆಗೇ ಕೊಳ್ಳುತ್ತಿದ್ದೇನೆ. ಪೇಟೆಯವರೆಲ್ಲ ನನ್ನನ್ನು ಬಹಳ ಗೌರವದಿಂದ ಕಾಣುತ್ತಾರೆ. ಆಗುವುದಿಲ್ಲ ಎಂದು ಹೇಳಿ ಜಪಮಾಲೆ ತೆಗೆದೆ. ದೆಲು ಕಿಟಕಿಯ ಹೊರಗೆ ನೋಡುತ್ತ ಕುಳಿತ. ಇನ್ನು ಎರಡು ದಿನದಲ್ಲಿ ಗಲ್ಲಿಗೆ ಹೋಗುವವನು ಹೊಲಗದ್ದೆ ನೋಡುವ ಹಾಗೆ.

ಪ್ರವಾಸದಲ್ಲಿ ನಾವು ಮೂವತ್ತೆಂಟು ಜನ. ಎಲ್ಲರಿಗೂ ಹಳದಿ ಟೋಪಿ. ನಮ್ಮ ಓಣಿಯಿಂದ ಬಂದಿದ್ದ ಮೂರನೆಯವರು ಲುವೊ ಅತ್ತೆ. ಈಕೆ ಯಾರ ಅತ್ತೆಯೂ ಅಲ್ಲ; ಓಣಿಯವರೆಲ್ಲ ಹಾಗೆ ಕರೆಯುತ್ತಾರೆ. ಗಂಡ ಮಕ್ಕಳು ದೂರವಿರುವುದರಿಂದ ಓಣಿಯ ಸುದ್ದಿಯನ್ನೇ ಸಂಸಾರ ಮಾಡಿಕೊಂಡಿದ್ದಾರೆ. ಓಣಿಯವರ ಫೋನುಗಳಲ್ಲಿ ಒಂದು ಗುಂಪು ಇದೆ, ನೂರಾ ನಲವತ್ತು ಮನೆಯವರು ಅದರಲ್ಲಿ ಇದ್ದಾರೆ. ಆ ಗುಂಪಿಗೆ ಲುವೊ ಅತ್ತೆ ಒಬ್ಬರೇ ಪತ್ರಿಕೆ, ಒಬ್ಬರೇ ಸಂಪಾದಕಿ.

ಎರಡನೆಯ ದಿನ ಬೆಳಗ್ಗೆ ನಮ್ಮನ್ನು ಕರೆದುಕೊಂಡು ಬಂದ ಮಾರ್ಗದರ್ಶಿ ಹುಡುಗಿ ಬಾವುಟ ಎತ್ತಿ ಹೇಳಿದಳು: "ಅಜ್ಜಂದಿರೇ, ಅಜ್ಜಿಯರೇ, ಹೊರಗಿನ ಪೇಟೆಗೆ ಹೋಗಬೇಡಿ. ಅಲ್ಲಿ ಬರೀ ಮೋಸ. ನಿಮ್ಮ ಸುರಕ್ಷತೆಗಾಗಿ ಈಗ ಪಚ್ಚೆಕಲ್ಲಿನ ಅಂಗಡಿಗೆ ಹೋಗೋಣ." ನಮ್ಮ ಸುರಕ್ಷತೆಗಾಗಿ ಆ ಅಂಗಡಿಯ ಬಾಗಿಲನ್ನು ಎರಡು ಗಂಟೆ ಹಾಕಿಕೊಂಡಿದ್ದರು. ಅಂಗಡಿಯಲ್ಲಿ ಎಲ್ಲಕ್ಕೂ ಚೀಟಿ ಅಂಟಿಸಿ ಬೆಲೆ ಬರೆದಿತ್ತು. ದೆಲು ಒಂದು ಬಳೆಯ ಚೀಟಿ ನೋಡಿ, ಅದರಲ್ಲಿರುವ ಸೊನ್ನೆಗಳನ್ನು ಎಣಿಸಿ, ನೀರು ಕುಡಿದ. ಆಮೇಲೆ ಶೌಚಾಲಯದ ಪಕ್ಕದ ಹಿಂಬಾಗಿಲಿನಿಂದ ನಾವಿಬ್ಬರೂ ಹೊರಬಿದ್ದೆವು. ಲುವೊ ಅತ್ತೆ ನಮಗಿಂತ ಮೊದಲೇ ಹೊರಗೆ ನಿಂತಿದ್ದರು.

"ಎಲ್ಲಿಗೆ ಹೊರಟ್ರಿ ಅಂತ ನಾನು ಕೇಳಲ್ಲಪ್ಪ," ಎಂದರು ಅತ್ತೆ. "ನಿಮ್ಮ ಹಿಂದೆ ಬರ್ತೀನಿ ಅಷ್ಟೆ."

ಹೂವು ಹಕ್ಕಿಗಳ ಪೇಟೆ ಅಲ್ಲಿಂದ ಎರಡು ಬೀದಿ ಆಚೆ. ಹೂವು ಹಕ್ಕಿಯ ಪೇಟೆಯೆಂದು ಹೆಸರು ಇದ್ದರೂ ಅಲ್ಲಿ ಚಿನ್ನದ ಮೀನು, ಮಿಡತೆ, ಕೈಯಲ್ಲಿ ಉರುಳಿಸುವ ಅಕ್ರೋಟು, ಕದ್ದ ಹಾಗೆ ಕಾಣುವ ಹೊಸ ಗಡಿಯಾರ, ನಿನ್ನೆ ಮಾಡಿ ಮುನ್ನೂರು ವರ್ಷ ಹಳೆಯದಾದ ಪಾತ್ರೆ ಎಲ್ಲ ಸಿಗುತ್ತವೆ. ಪೇಟೆಯ ಗದ್ದಲ ಕಿವಿಗೆ ಬಿದ್ದದ್ದೇ ತಡ, ದೆಲುವಿನ ಬೆನ್ನು ನೆಟ್ಟಗಾಯಿತು. ಎರಡು ದಿನ ಬಾಗಿದ್ದ ಬೆನ್ನು ಅದು.

"ಭಾವಾ, ಬಾಯಿ ಸ್ವಲ್ಪ ಹದ ಮಾಡ್ಕೋತೀನಿ. ತಾಯಿ ಮೇಲೆ ಅಲ್ಲ. ಬೇರೆ ಯಾವುದರ ಮೇಲಾದ್ರೂ. ನಾನೇನೂ ಕೊಳ್ಳಲ್ಲ."

ಮೊದಲ ಅಂಗಡಿಯಲ್ಲಿ ಬಿದಿರಿನ ಪಂಜರಗಳು ತೂಗುತ್ತಿದ್ದವು. ಮುದುಕನೊಬ್ಬ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ. ದೆಲು ಒಂದು ಪಂಜರ ತಟ್ಟಿ, ಬೇಸರದ ದನಿಯಲ್ಲಿ ಬೆಲೆ ಕೇಳಿದ.

"ನಾನೂರ ಎಂಬತ್ತು," ಎಂದ ಮುದುಕ.

"ನೂರಾ ಅರುವತ್ತು," ಎಂದ ದೆಲು, ಆಗಲೇ ಹೊರಡಲು ಒಂದು ಕಾಲು ತಿರುಗಿಸಿ.

"ಆಯ್ತು, ತಗೊಳ್ಳಿ."

ದೆಲುವಿನ ಕಾಲು ಹಾಗೆಯೇ ನಿಂತಿತು. ಪೇಟೆಯಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. ಅಂಗಡಿಯವನು ಬೈದರೆ ಗೆದ್ದಂತೆ, ಎದೆ ಬಡಿದುಕೊಂಡರೆ ಗೆದ್ದಂತೆ, ಒಮ್ಮೆಲೇ ಒಪ್ಪಿಕೊಂಡರೆ ಮಾತ್ರ ಸೋತಂತೆ. ಅಲ್ಲದೆ ತಾನು ಹೇಳಿದ ಬೆಲೆಗೆ ಅಂಗಡಿಯವನು ಒಪ್ಪಿದ ಮೇಲೆ ಕೊಳ್ಳದೆ ಹೋಗುವವನು ನಮ್ಮ ಕಡೆ ಮನುಷ್ಯನೇ ಅಲ್ಲ. ಪೇಟೆಯ ಆ ತುದಿಯವರೆಗೂ ಬೈಸಿಕೊಂಡು ಹೋಗಬೇಕಾಗುತ್ತದೆ. ದೆಲು ಫೋನು ತೆಗೆದು ದುಡ್ಡು ಕಳಿಸಿದ. ಪಂಜರ ಕೈಗೆ ಬಂತು.

"ಹಕ್ಕಿ ಬೇಡ್ವಾ ಅಣ್ಣಾ?" ಎಂದ ಮುದುಕ.

"ಮನೆಯಲ್ಲಿ ಇದೆ," ಎಂದ ದೆಲು. ಮನೆಯಲ್ಲಿ ಇದ್ದದ್ದು ಸುಯೂನ್ ಮತ್ತು ಅವಳ ಚೀಲ ಮಾತ್ರ.

"ಪಾಪ, ಎಂಬತ್ತಕ್ಕೆ ಸಿಗ್ತಿತ್ತು," ಎಂದರು ಲುವೊ ಅತ್ತೆ, ಫೋನು ಹಿಡಿದು ಪಂಜರದ ಚಿತ್ರ ತೆಗೆಯುತ್ತ. ಎಣ್ಣೆಗಾಣದ ಓಣಿಯಲ್ಲಿ ನೂರಾ ನಲವತ್ತು ಫೋನುಗಳು ಒಟ್ಟಿಗೆ ಟಿಂಗ್ ಎಂದಿರಬೇಕು.

ಪಿಂಗಾಣಿಯ ಸಾಲಿನ ಕೊನೆಯಲ್ಲಿ ಕ್ವಾಂಗ್ ಎಂಬ ಹೆಂಗಸಿನ ಅಂಗಡಿ. ಐವತ್ತೈದರ ವಯಸ್ಸು, ಮಡಿಲಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ, ಕಣ್ಣಿನಲ್ಲಿ ಯಾರಿಂದಲೂ ಏನೂ ಬಯಸದ ನೋಟ. ಅವಳ ಹಿಂದಿನ ಹಲಗೆಯ ಮೇಲೆ ಒಂದು ಮೊಳದ ಬಿಳಿಯ ಗ್ವಾನ್‌ಯಿನ್ ನಿಂತಿದ್ದಳು, ಕೈಯಲ್ಲಿ ನೀರಿನ ಕುಂಡಿಕೆ, ತಲೆ ಸ್ವಲ್ಪ ಓರೆ. ನಾನು ನೋಡಿದೆ. ನನ್ನ ತಾಯಿಯ ಬೋಧಿಸತ್ತ್ವವೂ ತಲೆಯನ್ನು ಹೀಗೆಯೇ ಓರೆ ಮಾಡಿ, ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವ ಹಾಗೆ ನಿಂತಿತ್ತು. ಕೈ ಮುಗಿದೆ.

"ಎಷ್ಟು?" ಎಂದ ದೆಲು.

ಬೀಜ ಒಡೆಯುವ ಸದ್ದು ನಿಂತಿತು. "ಗ್ವಾನ್‌ಯಿನ್‌ಗೆ ಎಷ್ಟು ಅಂತ ಕೇಳ್ತೀರಲ್ಲ ಅಣ್ಣಾ! ನಿಮ್ಮ ತಾಯಿಗೆ ಎಷ್ಟು?"

ಪಕ್ಕದ ಅಂಗಡಿಯ ಊದುಬತ್ತಿಯವನು ಇತ್ತ ತಿರುಗಿದ. ದೆಲು ಟೋಪಿ ತೆಗೆದು, ಪಾಠ ಒಪ್ಪಿಸುವ ದನಿಯಲ್ಲಿ, "ತಾಯೀನ ನಮ್ಮ ಮನೆಗೆ ಕರೆದುಕೊಂಡು ಹೋಗ್ಬೇಕು ಅಂತ ಬಂದಿದೀನಿ," ಎಂದ.

"ಹಾಗೆ ಹೇಳಿ. ತಾಯಿಗೆ ಬೆಲೆ ಇಲ್ಲ. ಮನಸ್ಸಿಗೆ ಬಂದಷ್ಟು ಕೊಡಿ."

ದೆಲು ನನ್ನನ್ನು ನೋಡಿದ. ಅವನ ಅರುವತ್ತೆಂಟು ವರ್ಷದ ಬಾಳಿನಲ್ಲಿ ಯಾವ ಅಂಗಡಿಯವರೂ ಈ ಮಾತು ಆಡಿರಲಿಲ್ಲ. ಇದರಲ್ಲಿ ಏನೋ ಇದೆ ಎಂದು ಅವನಿಗೆ ಅನುಮಾನ ಬಂತು. ಇತ್ತು ಕೂಡ.

"ಪೆಟ್ಟಿಗೆಗೆ ಮಾತ್ರ ಸಾವಿರದ ಇನ್ನೂರು," ಎಂದಳು ಕ್ವಾಂಗ್. ಹಲಗೆಯ ಕೆಳಗಿನಿಂದ ಒಂದು ಮರದ ಪೆಟ್ಟಿಗೆ ತೆಗೆದಳು. ಒಳಗೆ ಹಳದಿ ರೇಷ್ಮೆಯ ಮೆತ್ತೆ. "ತಾಯೀನ ಬೀದಿಯಲ್ಲಿ ಹಾಗೇ ಕಂಕುಳಲ್ಲಿ ಹೊತ್ಕೊಂಡು ಹೋಗ್ತೀರಾ? ಕೋಸಾ ಅವಳು?"

ಬೇರೆ ಯಾರಾದರೂ ಆಗಿದ್ದರೆ ಕೋಪಿಸಿಕೊಳ್ಳುತ್ತಿದ್ದರು. ದೆಲುವಿನ ಮುಖ ಮಾತ್ರ ಮದುಮಗನ ಮುಖದಂತೆ ಅರಳಿತು. ಅವನು ನನ್ನ ಕಿವಿಗೆ ಬಾಯಿಟ್ಟು, "ಭಾವಾ, ಪೆಟ್ಟಿಗೆ! ಪೆಟ್ಟಿಗೆ ಅಂದ್ರೆ ತಾಯಿ ಅಲ್ಲ! ಪೆಟ್ಟಿಗೆ ಮೇಲೆ ಚೌಕಾಸಿ ಮಾಡಬಾರದು ಅಂತ ಅವಳು ಹೇಳಿಲ್ಲ! ನೀವೇ ಸಾಕ್ಷಿ!" ಎಂದ. ನಾನು ಎಷ್ಟು ವಿಷಯಗಳಿಗೆ ಸಾಕ್ಷಿಯಾಗುವುದು?

"ನಾನೂರು," ಎಂದ ದೆಲು, ಉಗ್ರಾಣದ ದನಿಯಲ್ಲಿ.

ಕ್ವಾಂಗ್ ಕೂಡಲೇ ಒಪ್ಪಲಿಲ್ಲ. ಅವಳು ಒಳ್ಳೆಯ ಹೆಂಗಸು. ಪೆಟ್ಟಿಗೆಯ ಮರ ಯಾವ ಬೆಟ್ಟದ್ದು, ಆ ಬೆಟ್ಟದಲ್ಲಿ ಈಗ ಮರವೇ ಇಲ್ಲ, ರೇಷ್ಮೆಯ ಹುಳು ಸಾಕಿದ್ದು ತನ್ನ ಸ್ವಂತ ಅಕ್ಕ ಎಂದು ಹೇಳಿದಳು. ದೆಲು ಪೆಟ್ಟಿಗೆಯನ್ನು ತಟ್ಟಿ, ಮೂಸಿ, ಕೀಲು ಅಲ್ಲಾಡಿಸಿ, "ಈ ಕೀಲಿಗೆ ನೀವು ನನಗೆ ದುಡ್ಡು ಕೊಡ್ಬೇಕು," ಎಂದ. "ನಿಮ್ಮ ಮೂಗಿಗೆ ಯಾರು ದುಡ್ಡು ಕೊಡ್ತಾರೆ ಹೇಳಿ, ಅದೂ ವಕ್ರವಾಗೇ ಇದೆ," ಎಂದಳು ಅವಳು. ದೆಲು ಆನಂದದಿಂದ ಕಣ್ಣು ಮುಚ್ಚಿಕೊಂಡ. ಒಂದು ತಿಂಗಳಿನಿಂದ ಅವನನ್ನು ಯಾರೂ ಇಷ್ಟು ಪ್ರೀತಿಯಿಂದ ಮಾತನಾಡಿಸಿರಲಿಲ್ಲ.

ಎಂಟುನೂರಕ್ಕೆ ಇಳಿದಾಗ ಅವನು ಹೊರಟುಹೋದ. ಕ್ವಾಂಗ್ ಕರೆಯಲಿಲ್ಲ, ಬೀಜ ಒಡೆದಳು. ದೆಲು ಮೀನಿನ ಅಂಗಡಿಯವರೆಗೆ ಹೋಗಿ, ಅಲ್ಲಿ ಮೀನುಗಳ ಕಡೆ ನೋಡುತ್ತ ನಿಂತು, ಐದು ನಿಮಿಷದ ನಂತರ ಹಿಂತಿರುಗಿ ಬಂದು, "ನನ್ನ ಪಂಜರ ಬಿಟ್ಟುಹೋಗಿದ್ದೆ," ಎಂದ. ಬೇಕೆಂದೇ ಬಿಟ್ಟುಹೋಗಿದ್ದ. ಪಂಜರ ಎತ್ತಿಕೊಳ್ಳುವಾಗ, ಹಾಗೆಯೇ ನೆನಪಾಯಿತೆಂಬಂತೆ, "ಮುನ್ನೂರು," ಎಂದ; ಹಿಂತಿರುಗಿ ಬಂದಾಗಲೆಲ್ಲ ಅವನ ಬೆಲೆ ಇನ್ನೂ ಇಳಿಯುತ್ತಿತ್ತು. ಆರುನೂರಕ್ಕೆ ಇಳಿಯಿತು. ಮತ್ತೆ ಹೊರಟ. ಮತ್ತೆ ಪಂಜರ ಮರೆತ. ಮೂರನೆಯ ಸಲ ಅವನು ಹಿಂತಿರುಗುವ ಹೊತ್ತಿಗೆ ನಲವತ್ತು ಐವತ್ತು ಜನ ಸೇರಿದ್ದರು. ಕೆಲವರು ಸಣ್ಣ ಮಣೆ ತಂದು ಕೂತಿದ್ದರು. ಪಕ್ಕದ ಚಹಾದ ಅಂಗಡಿಯವನು ಮುಚ್ಚಳದ ಬಟ್ಟಲುಗಳಲ್ಲಿ ಚಹಾ ಇಲ್ಲಿಗೇ ತಂದು ಮಾರತೊಡಗಿದ.

"ಅಜ್ಜ ಪಂಜರ ಮರೀಬೇಡಿ!" ಎಂದು ಒಬ್ಬ ಕೂಗಿದ. "ಹಕ್ಕಿ ಎಲ್ಲಿ ಅಜ್ಜ?" ಎಂದ ಇನ್ನೊಬ್ಬ. "ಹಕ್ಕಿ ಅವರೇ ಕಣೋ, ಹೋಗಿ ಹೋಗಿ ಬರ್ತಿದಾರಲ್ಲ," ಎಂದಳು ಒಬ್ಬ ಹೆಂಗಸು.

ಊದುಬತ್ತಿಯವನು ಭಕ್ತ. ಗ್ವಾನ್‌ಯಿನ್ ಮೇಲೆ ಚೌಕಾಸಿ ನಡೆದಿದೆ ಎಂದು ಪೇಟೆಯ ಕಚೇರಿಗೆ ಹೋಗಿ ದೂರು ಕೊಟ್ಟ. ತೋಳಿಗೆ ಕೆಂಪು ಪಟ್ಟಿ ಕಟ್ಟಿದ್ದ ಅಧಿಕಾರಿ ಬಂದರು. ಜನ ದಾರಿ ಬಿಟ್ಟರು, ಆದರೆ ಮಣೆ ಬಿಡಲಿಲ್ಲ.

"ಇಲ್ಲಿ ಬೋಧಿಸತ್ತ್ವದ ಬೆಲೆ ಇಳಿಸ್ತಾ ಇರೋದು ಯಾರು?"

"ಪೆಟ್ಟಿಗೆ, ಸ್ವಾಮಿ, ಪೆಟ್ಟಿಗೆ!" ಎಂದ ದೆಲು.

"ಪೆಟ್ಟಿಗೆಯೊಳಗೆ ಏನಿದೆ?"

"ಈಗ ಏನೂ ಇಲ್ಲ."

ಅಧಿಕಾರಿ ಮುಚ್ಚಳ ತೆಗೆದು ನೋಡಿದರು. ಏನೂ ಇರಲಿಲ್ಲ. ಅವರು ಬಹಳ ಹೊತ್ತು ಯೋಚಿಸಿದರು; ಸರ್ಕಾರಿ ಯೋಚನೆ ಅದು, ಅವಸರ ಮಾಡಲಾಗದು. "ಖಾಲಿ ಪೆಟ್ಟಿಗೆ ಮೇಲೆ ಚೌಕಾಸಿ ಮಾಡೋದಕ್ಕೆ ಅಡ್ಡಿ ಇಲ್ಲ," ಎಂದು ತೀರ್ಮಾನ ಹೇಳಿ, ತಾವೂ ಒಂದು ಚಹಾ ತರಿಸಿಕೊಂಡು, ಶಾಂತಿ ಕಾಪಾಡುವ ಸಲುವಾಗಿ ಮುಂದಿನ ಸಾಲಿನಲ್ಲಿ ಕೂತರು.

ಪೆಟ್ಟಿಗೆ ನೂರಾ ಎಂಬತ್ತಕ್ಕೆ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ದೆಲು ಸುತ್ತಲೂ ತಿರುಗಿ ಟೋಪಿ ಎತ್ತಿದ. ಸಾವಿರದ ಇನ್ನೂರರಿಂದ ನೂರಾ ಎಂಬತ್ತು! ಮೂರನೇ ಒಂದು ಪಾಲಿನ ಅರ್ಧಕ್ಕಿಂತ ಕಡಿಮೆ! ಅವನ ಬಾಳಿನ ಶಿಖರ ಅದು. ಶಿಖರದ ಮೇಲೆ ಮನುಷ್ಯ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲುವೊ ಅತ್ತೆಯ ಫೋನು ಬಡಿದುಕೊಂಡಿತು.

ಅತ್ತೆ ನಡುವೆಯೇ ಓಣಿಯ ಗುಂಪಿಗೆ ಒಂದು ತುಣುಕು ಕಳಿಸಿದ್ದರು. ತುಣುಕಿನಲ್ಲಿ ದೆಲು ಬೆರಳು ಎತ್ತಿ ಕೂಗುತ್ತಿದ್ದ, ಹಿಂದೆ ಬೋಧಿಸತ್ತ್ವ ನಿಂತಿತ್ತು. ಪೆಟ್ಟಿಗೆ ಚೌಕಟ್ಟಿನೊಳಗೆ ಬಂದಿರಲಿಲ್ಲ. ಕೆಳಗೆ ಅತ್ತೆ ಬರೆದಿದ್ದರು: "ನಮ್ಮ ದೆಲು ತಾಯಿಯನ್ನು ಇಳಿಸುತ್ತಿದ್ದಾನೆ. ಪಾಪ ಸುಯೂನ್."

ಫೋನಿನ ಪರದೆಯ ಮೇಲೆ ನನ್ನ ತಂಗಿಯ ಮುಖ ಕಂಡಿತು. ಅವಳ ಹಿಂದೆ, ಜೂಜಿನ ಬಿಲ್ಲೆಗಳನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ಎದ್ದು ಬಂದಿದ್ದ ಅರ್ಧ ಓಣಿ ನಿಂತಿತ್ತು. ಅವಳ ತೋಳಿನಲ್ಲಿ ಚೀಲ ಇತ್ತು.

"ಅಣ್ಣಾ, ನಾನು ಬಸ್ಸಿಗೆ ಹೊರಟೆ. ಇವರಿಗೆ ಹೇಳು."

"ಪೆಟ್ಟಿಗೆ ಕಣೇ! ಪೆಟ್ಟಿಗೆ!" ಎಂದು ದೆಲು ಅತ್ತೆಯ ಕೈಯಿಂದ ಫೋನು ಕಿತ್ತುಕೊಂಡು ಪೆಟ್ಟಿಗೆಯ ಒಳಗೆಲ್ಲ ತೋರಿಸಿದ. "ಭಾವನ್ನ ಕೇಳು! ಸರ್ಕಾರದವರನ್ನ ಕೇಳು!"

ಅಧಿಕಾರಿ ಎದ್ದು ನಿಂತು ಫೋನಿಗೆ, "ಖಾಲಿ ಪೆಟ್ಟಿಗೆ, ಅಮ್ಮಾ. ನಾನೇ ಪರೀಕ್ಷೆ ಮಾಡಿದೀನಿ," ಎಂದರು. ಕ್ವಾಂಗ್ ಕೂಡ ಕತ್ತು ಚಾಚಿ, "ತಂಗೀ, ತಾಯಿಗೆ ಇನ್ನೂ ಏನೂ ಕೊಟ್ಟಿಲ್ಲ, ಏನೂ ಇಳಿಸಿಲ್ಲ. ಮನಸ್ಸಿಗೆ ಬಂದಷ್ಟು ಕೊಡಿ ಅಂದಿದೀನಿ," ಎಂದಳು.

ನಾನೂ ಹೌದೆಂದೆ. ಸುಯೂನ್ ಚೀಲ ಕೆಳಗಿಟ್ಟಳು. ಆದರೆ ಕೈ ಚೀಲದ ಹಿಡಿಯಿಂದ ತೆಗೆಯಲಿಲ್ಲ. "ಸರಿ. ಹಾಗಾದ್ರೆ ಈಗ ಕೊಡಲಿ. ಅವರ ಮನಸ್ಸು ಎಷ್ಟು ಅಂತ ನಾನೂ ನೋಡ್ತೀನಿ."

ಕ್ವಾಂಗ್ ಬೀಜದ ಪೊಟ್ಟಣ ಮಡಚಿ ಪಕ್ಕಕ್ಕಿಟ್ಟು, ಕೈ ಕಟ್ಟಿ ಕುಳಿತಳು. ದೆಲು ಬಾಯಿ ತೆರೆದ. ಅದರಿಂದ ಏನೂ ಬರಲಿಲ್ಲ. ಅವನ ಕಷ್ಟ ನನಗೆ ಅರ್ಥವಾಯಿತು. ಯಾರಾದರೂ ಒಂಬತ್ತು ಸಾವಿರ ಎಂದಿದ್ದರೆ ಅವನು ಮೂರು ಸಾವಿರ ಎನ್ನಬಹುದಿತ್ತು. ಯಾರೂ ಏನೂ ಹೇಳದ ಮೇಲೆ ಯಾವುದರ ಮೂರನೇ ಒಂದು ಪಾಲು ತೆಗೆಯುವುದು?

"ನೂರು," ಎಂದ ಕೊನೆಗೆ.

ಕ್ವಾಂಗ್ ಮಾತನಾಡಲಿಲ್ಲ. ಫೋನೂ ಮಾತನಾಡಲಿಲ್ಲ. ಹಿಂದಿನಿಂದ ಯಾರೋ, "ಹಕ್ಕಿ ಇಲ್ಲದ ಪಂಜರಕ್ಕೆ ಎಷ್ಟಂತೆ?" ಎಂದು ಕೇಳಿದರು. "ನೂರಾ ಅರುವತ್ತು," ಎಂದರು ಲುವೊ ಅತ್ತೆ, ಎಲ್ಲರಿಗೂ ಕೇಳುವಂತೆ.

"ಇನ್ನೂರು," ಎಂದ ದೆಲು.

ಮೌನ.

"ಇನ್ನೂರು ಕಡಿಮೆ ಅಂತೀರಾ?" ಎಂದು ಕ್ವಾಂಗಳನ್ನು ಕೇಳಿದ.

"ನಾನೇನೂ ಅನ್ನಲ್ಲ ಅಣ್ಣಾ. ನಿಮ್ಮ ಮನಸ್ಸು."

"ಹೆಚ್ಚು ಅಂತೀರಾ?"

"ಏನೂ ಅನ್ನಲ್ಲ."

"ಏನಾದ್ರೂ ಅನ್ರೀ!" ಎಂದು ದೆಲು ಬೇಡಿಕೊಂಡ. ಅವಳು ಅನ್ನಲಿಲ್ಲ. "ಐನೂರು." ಮೌನ. ಅವನು ಬೋಧಿಸತ್ತ್ವದ ಮುಖ ನೋಡಿದ. ತಲೆ ಓರೆ ಮಾಡಿಕೊಂಡು ತಾಯಿ ಕೇಳಿಸಿಕೊಳ್ಳುತ್ತಿದ್ದಳು. "ಎಂಟುನೂರ ಎಂಬತ್ತೆಂಟು. ಶುಭದ ಸಂಖ್ಯೆ!" ಯಾರೂ ಚಪ್ಪಾಳೆ ತಟ್ಟಲಿಲ್ಲ. ಊದುಬತ್ತಿಯವನು ಆಕಾಶ ನೋಡುತ್ತ, ಹೋದ ವಾರ ಒಬ್ಬ ವಿಧವೆ ಎರಡು ಸಾವಿರ ಕೊಟ್ಟು ಅತ್ತುಕೊಂಡು ಹೋದಳೆಂದು ತನಗೆ ತಾನೇ ಹೇಳಿಕೊಂಡ. "ಸಾವಿರದ ಇನ್ನೂರು!" ಎಂದ ದೆಲು. ಹೊರಟುಹೋಗುವ ಉಪಾಯವೂ ಅವನಿಗೆ ಹೊಳೆಯಿತು. ಎರಡು ಹೆಜ್ಜೆ ಇಟ್ಟ. ಫೋನಿನಲ್ಲಿ ಚೀಲ ಮೇಲೆ ಎದ್ದಿತು. ಎರಡು ಹೆಜ್ಜೆ ಹಿಂದಕ್ಕೆ ಬಂದ. "ಸಾವಿರದ ಎಂಟುನೂರು."

ಹಣೆಯ ಬೆವರು ಟೋಪಿಯಿಂದ ಇಳಿಯಿತು. ನಾನು ಅವನ ತೋಳು ಹಿಡಿದು, "ದೆಲು, ಸಾಕು, ನಿನ್ನ ಮನಸ್ಸು ಒಂದು ಕಡೆ ನಿಲ್ಲಿಸು," ಎಂದೆ. "ಎಲ್ಲಿ ಅಂತ ನಿಲ್ಲಿಸಲಿ ಭಾವಾ? ಎದುರಿಗೆ ಯಾರೂ ಇಲ್ಲ!" ಎಂದ, ನೀರಿಗೆ ಬಿದ್ದವನ ಹಾಗೆ. ಮೂವತ್ತೊಂದು ವರ್ಷ ಇಡೀ ಉಗ್ರಾಣವನ್ನು ಸೋಲಿಸಿದವನು ಈಗ ತನ್ನ ಜೊತೆ ತಾನೇ ಚೌಕಾಸಿಗೆ ಇಳಿದಿದ್ದ. ತಾನೇ ಹೇಳುತ್ತಿದ್ದ, ತಾನೇ ಕಡಿಮೆಯಾಯಿತೆನ್ನುತ್ತಿದ್ದ, ತಾನೇ ಏರಿಸುತ್ತಿದ್ದ. "ಎರಡು ಸಾವಿರದ ಇನ್ನೂರು. ಎರಡೂವರೆ. ಎರಡೂ ಮುಕ್ಕಾಲು. ಮೂರು! ಮೂರು ಸಾವಿರ!"

"ಅಯ್ಯೋ ನಿಲ್ಲಿಸ್ರೀ!"

ಕೂಗಿದ್ದು ಫೋನು. ನನ್ನ ತಂಗಿ ಚೀಲ ಬಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಳು. "ಮೂರು ಸಾವಿರಾನಾ? ನಿಮ್ಮ ಪಿಂಚಣಿ ಎಷ್ಟು ಅಂತ ಗೊತ್ತಿದೆಯಾ? ಅಕ್ಕಾ! ಅಂಗಡಿಯಕ್ಕಾ! ಅವರ ಮಾತು ಬಿಡಿ. ಸಾವಿರಕ್ಕೆ ಕೊಡಿ!"

ಮೂರು ಸಾವಿರ. ಸಾವಿರ. ಸರಿಯಾಗಿ ಮೂರನೇ ಒಂದು ಪಾಲು. ನಲವತ್ತು ವರ್ಷದ ದಾಂಪತ್ಯ ಎಲ್ಲಿ ಹೋದೀತು?

"ಆಯ್ತು ತಂಗೀ, ತಗೊಳ್ಳಿ," ಎಂದಳು ಕ್ವಾಂಗ್, ಅದೇ ಕ್ಷಣದಲ್ಲಿ.

ದೆಲು ಇಲ್ಲಿ ನರಳಿದ. ಸುಯೂನ್ ಅಲ್ಲಿ ನರಳಿದಳು. ಇನ್ನೂರು ಮೈಲಿ ದೂರದಲ್ಲಿ ಇದ್ದ ಗಂಡ ಹೆಂಡಿರು ಒಂದು ತಿಂಗಳ ನಂತರ ಮೊದಲ ಬಾರಿಗೆ ಒಂದೇ ವಿಷಯಕ್ಕೆ ಒಟ್ಟಿಗೆ ನರಳಿದರು. "ಆರುನೂರು ಅಂದಿದ್ರೂ ಕೊಡ್ತಿದ್ಲು," ಎಂದ ದೆಲು. "ನಾನೂರು!" ಎಂದಳು ಸುಯೂನ್. ಆಮೇಲೆ ತಾನು ಏನು ಮಾಡಿದೆನೆಂದು ಅವಳಿಗೆ ತಿಳಿಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳ ಹಿಂದೆ ನಿಂತಿದ್ದ ಅರ್ಧ ಓಣಿ ಬಾಯಿಯ ಮೇಲೆ ಕೈ ಇಟ್ಟುಕೊಂಡಿತು. ಪರದೆ ಆರಿತು.

ಹದಿನೆಂಟರ ಸಂಜೆ ನಾವು ಓಣಿಗೆ ಬಂದೆವು. ಯಾರ ಮನೆಯಲ್ಲೂ ಯಾರೂ ಇರಲಿಲ್ಲ; ಎಲ್ಲರೂ ಸುಯೂನಳ ಬಾಗಿಲಲ್ಲಿ ಇದ್ದರು. ಲುವೊ ಅತ್ತೆ ರೈಲಿನಿಂದಲೇ ಗಂಟೆ ಗಂಟೆಗೂ ನಾವು ಎಲ್ಲಿದ್ದೇವೆಂದು ತಿಳಿಸುತ್ತ ಬಂದಿದ್ದರು. ನಾನು ಪೆಟ್ಟಿಗೆ ಹಿಡಿದಿದ್ದೆ. ದೆಲು ಪಂಜರ ಹಿಡಿದು, ಹೊಸಿಲಿನಿಂದ ಮೂರು ಮಾರು ದೂರದಲ್ಲಿ ನಿಂತ.

ಸುಯೂನ್ ಮನೆಯೊಳಗೆ ಇರಲಿಲ್ಲ. ಹೊರಗೆ, ಗೋಡೆಗೆ ಒರಗಿ, ಸಣ್ಣ ಮಣೆಯ ಮೇಲೆ ಕುಳಿತಿದ್ದಳು.

"ಯಾಕೆ ಹೊರಗೆ?" ಎಂದೆ.

"ನಾನೇ ಹೇಳಿದ್ದಲ್ವಾ ಅಣ್ಣಾ? ತಾಯಿ ಮೇಲೆ ಚೌಕಾಸಿ ಮಾಡಿದ ಬಾಯಿ ಹೊಸಿಲು ದಾಟಬಾರದು ಅಂತ. ನಿನ್ನೆಯಿಂದ ಇಲ್ಲೇ ಇದೀನಿ. ರಾತ್ರಿ ಎದುರು ಮನೆಯಲ್ಲಿ ಮಲಗಿದ್ದೆ."

ಓಣಿ ತೀರ್ಪಿಗೆ ಕಾಯಿತು. ಒಬ್ಬರು, ಫೋನಿನಲ್ಲಿ ಆಡಿದ ಚೌಕಾಸಿ ಲೆಕ್ಕಕ್ಕಿಲ್ಲ ಎಂದರು. ಇನ್ನೊಬ್ಬರು, ಇಳಿಸಿದ್ದು ಗಂಡನ ಮಾತನ್ನೇ ಹೊರತು ಅಂಗಡಿಯವಳ ಮಾತನ್ನಲ್ಲ, ಗಂಡನ ಮಾತು ಇಳಿಸುವುದು ಪಾಪವಾದರೆ ಈ ಓಣಿಯಲ್ಲಿ ಯಾರೂ ಮನೆಯೊಳಗೆ ಮಲಗುವಂತಿಲ್ಲ ಎಂದರು. ದೆಲು ಮಾತ್ರ ಪಂಜರವನ್ನು ಕೆಳಗಿಟ್ಟು, ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡ.

"ನೀವು ಯಾಕ್ರೀ ಕೂತ್ರಿ? ನೀವು ಒಂದು ಯುವಾನೂ ಇಳಿಸಿಲ್ಲ. ಏರಿಸಿದ್ರಿ. ಹೋಗಿ ಒಳಗೆ."

"ನೀನು ಬಾ, ಹೋಗ್ತೀನಿ."

"ನಾನು ಬರಲ್ಲ."

"ಹಾಗಾದ್ರೆ ಸ್ವಲ್ಪ ಜರುಗು."

ಅಲ್ಲಿದ್ದವರಲ್ಲಿ ಬೋಧಿಸತ್ತ್ವದ ಬೆಲೆಯ ವಿಷಯದಲ್ಲಿ ಬಾಯಿ ತೆರೆಯದವನು ನಾನೊಬ್ಬನೇ. ಹೀಗಾಗಿ ನಾನೇ ಪೆಟ್ಟಿಗೆ ಹೊತ್ತು ಹೊಸಿಲು ದಾಟಿದೆ. ತಾಯಿಯನ್ನು ಗೂಡಿನಲ್ಲಿ ಇಟ್ಟೆ, ಧೂಪ ಹಚ್ಚಿದೆ. ಬೇರೆಯವರ ಮನೆಯಲ್ಲಿ ಒಬ್ಬನೇ ಧೂಪ ಹಚ್ಚುವುದು ನನಗೆ ಹೊಸದು, ಒಬ್ಬನೇ ಹಚ್ಚುವುದು ಹೊಸದಲ್ಲ. ಆಮೇಲೆ ಬಾಗಿಲಿಗೆ ಬಂದು, "ತಾಯಿ ಒಳಗಿದ್ದಾಳೆ. ಮನೆಯವರಿಲ್ಲದ ಮನೆಯಲ್ಲಿ ಅತಿಥಿಯನ್ನು ಕೂರಿಸಿ ನೀವಿಬ್ಬರೂ ಬೀದಿಯಲ್ಲಿ ಕೂತಿದ್ದೀರಿ. ಪಾಪ ಯಾವುದು ಅಂತ ಅವಳನ್ನೇ ಕೇಳಿ," ಎಂದೆ. ಹಿರಿಯಣ್ಣನಾದದ್ದಕ್ಕೆ ವರ್ಷಕ್ಕೊಮ್ಮೆಯಾದರೂ ಇಂಥ ಮಾತು ಆಡಬೇಕಾಗುತ್ತದೆ.

ಸುಯೂನ್ ಎದ್ದಳು, ಆದರೆ ಸುಮ್ಮನೆ ಎದ್ದವಳಲ್ಲ. ತಾನು ಮಾಡಿದ ತಪ್ಪಿಗೆ ಬೆಳಗ್ಗೆ ನೂರೆಂಟು ದೀರ್ಘದಂಡ ನಮಸ್ಕಾರ ಹಾಕುವುದಾಗಿ ಓಣಿಯ ಎದುರು ಹರಕೆ ಹೇಳಿ, ಆಮೇಲೆ ಒಳಗೆ ಬಂದಳು. ಅವಳಿಗೆ ಅರುವತ್ತೈದು. ಮಂಡಿಗಳು ಮೆಟ್ಟಿಲು ಹತ್ತಲೂ ಒಪ್ಪುವುದಿಲ್ಲ.

ಹತ್ತೊಂಬತ್ತರ ಬೆಳಗ್ಗೆ ನಾನು ಹೋದಾಗ ಅವಳು ಇಪ್ಪತ್ತೆಂಟನೆಯದರಲ್ಲಿ ಇದ್ದಳು. ಪ್ರತಿಯೊಂದಕ್ಕೂ ಗೋಡೆ ಹಿಡಿದು ಏಳುತ್ತಿದ್ದಳು. ದೆಲು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ. ಮೂವತ್ತರಲ್ಲಿ ಅವನು ಎಣಿಸುವುದನ್ನು ನಿಲ್ಲಿಸಿ ಗೂಡಿನ ಎದುರಿಗೆ ಬಂದ.

"ತಾಯೀ, ನೂರೆಂಟು ಜಾಸ್ತಿ ಆಯ್ತು. ಅವಳ ಮಂಡಿ ನೋಡು. ಮೂವತ್ತಾರಕ್ಕೆ ಬಿಡು."

ನಾನು ಬೆಚ್ಚಿ ಕಣ್ಣು ಮುಚ್ಚಿಕೊಂಡೆ. ಸುಯೂನ್ ನೆಲದ ಮೇಲಿಂದ, "ರೀ!" ಎಂದಳು. ಆದರೆ ಏಳುವ ಶಕ್ತಿ ಅವಳಿಗೆ ಇರಲಿಲ್ಲ.

ತಾಯಿ ತಲೆ ಓರೆ ಮಾಡಿಕೊಂಡು ಕೇಳಿಸಿಕೊಂಡಳು. ಏನೂ ಹೇಳಲಿಲ್ಲ.

"ಸರಿ, ನಲವತ್ತು," ಎಂದ ದೆಲು. ಮೌನ. "ಐವತ್ತು, ಇನ್ನು ಮೇಲೆ ಆಗಲ್ಲ." ಮೌನ. ಅವನು ಬೆವರು ಒರೆಸಿಕೊಂಡ. ಮೊನ್ನೆಯ ಪೇಟೆಯಲ್ಲಿ ಈ ದಾರಿಯಲ್ಲಿ ಹೋದರೆ ಎಲ್ಲಿಗೆ ತಲುಪುತ್ತದೆಂದು ಕಲಿತಿದ್ದ. "ಆಯ್ತು ತಾಯೀ. ಐವತ್ತು ಅವಳದ್ದು. ಉಳಿದ ಐವತ್ತೆಂಟು ನನ್ನದು." ಉತ್ತರಕ್ಕೆ ಕಾಯದೆ ಮಂಡಿಯೂರಿದ.

ಐವತ್ತು ಮುಗಿಸಿ ಸುಯೂನ್ ಕುರ್ಚಿಯಲ್ಲಿ ಕುಳಿತು ಅವನದನ್ನು ಎಣಿಸಿದಳು. ದೆಲುವಿಗೆ ದೊಡ್ಡ ಹೊಟ್ಟೆ. ಪ್ರತಿ ಸಲ ಬಿದ್ದಾಗಲೂ ಗೂಡಿನ ಧೂಪ ಅಲ್ಲಾಡುತ್ತಿತ್ತು. ಇಪ್ಪತ್ತು ಆದ ಮೇಲೆ ಅವನು ತಾನೇ ಗಟ್ಟಿಯಾಗಿ "ಇಪ್ಪತ್ತೈದು" ಎಂದ.

"ಇಪ್ಪತ್ತೊಂದು," ಎಂದಳು ನನ್ನ ತಂಗಿ.

"ಇಪ್ಪತ್ಮೂರು?" ಎಂದ ದೆಲು, ಹಣೆಯನ್ನು ನೆಲದಿಂದ ಎತ್ತದೆ.

"ಇಪ್ಪತ್ತೊಂದು."